ಬದಲಿಗೆ ಕೊಟ್ಟ ಕೂಸು

ಚಿತ್ತಾಪುರದ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಮನೆ ಶಹಾಬಾದಿನಲ್ಲಿ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಅವ್ವ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ದಿನಾ ಬೆಳಿಗ್ಗೆ ನಾನು ವಾಡಿಯಲ್ಲಿ ಇಳಿದು ಸೇಡಂ ಕಡೆ ಹೋಗುವ ಗಾಡಿ ಹಿಡಿಯಬೇಕು. ಗಾಡಿ ತಡವಾದರೆ ಜಂಕ್ಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಆ ದಿನದ ಪಾಠ ಓದಿಕೊಳ್ಳುತ್ತೇನೆ. ನನ್ನ ಓದು ಬಹುಪಾಲು ಅಲ್ಲೇ ಆದದ್ದು.

ಈಚೆಗೆ ನನ್ನ ವಿದ್ಯಾರ್ಥಿಗಳಿಗೆ ತುರ್ಕಿಯ ಹುಚ್ಚು ಹಿಡಿದಿದೆ. ಅಲ್ಲಿಯ ಧಾರಾವಾಹಿಗಳು ಮೊಬೈಲಿನಲ್ಲಿ ಬರುತ್ತವೆ. ಕುದುರೆ, ಡೇರೆ, ತೊಗಲಿನ ಅಂಗಿ, ಮಾತುಮಾತಿಗೆ ಒರೆಯಿಂದ ಹೊರಬರುವ ಕತ್ತಿ. ದೀಪಾವಳಿ ರಜೆ ಮುಗಿದ ಹೊಸತರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು.

“ಮೇಡಂ, ಆ ತುರ್ಕಿ ಮಂದಿ ನಮ್ಮ ಕಡಿ ಯಾರರೆ ಬಂದಿದ್ರೇನ್ರಿ?”

“ಬಂದಾನ. ಬಂದು ಇಲ್ಲೇ ರಾಜ್ಯ ಕಟ್ಟ್ಯಾನ. ಅವನ ಗೋರಿ ಗೋಗಿಯೊಳಗ ಅದ” ಎಂದೆ.

ತರಗತಿ ನಕ್ಕಿತು. ಗೋಗಿ ಎಂದರೆ ಯಾದಗಿರಿ ದಾಟಿ ಶಹಾಪುರದ ಮಗ್ಗುಲಿಗಿರುವ ಊರು. ಅವರಲ್ಲೊಬ್ಬಳ ಅತ್ತೆಯನ್ನು ಕೊಟ್ಟದ್ದು ಆ ಊರಿಗೇ. ಅಂಥ ಊರಿನಲ್ಲಿ ತುರ್ಕಿಯ ಬಾದಶಹ ಮಲಗಿದ್ದಾನೆಂದರೆ ನಂಬುವುದು ಹೇಗೆ? ಅವತ್ತು ಪಾಠದ ಪುಸ್ತಕ ಮುಚ್ಚಿಟ್ಟು ಕಥೆ ಹೇಳಿದೆ.

ಸುಮಾರು ಎರಡು ಶತಮಾನ ವಿಜಯಪುರವನ್ನು ಆಳಿದ ಆದಿಲಶಾಹಿ ಮನೆತನದ ಮೂಲಪುರುಷ ಅವನು. ಬಹಳ ಕಾಲದ ಮೇಲೆ ಪಾರಸಿಯಲ್ಲಿ ಬರೆದ ಚರಿತ್ರೆಕಾರನೊಬ್ಬ ಹೇಳುವಂತೆ, ಅವನು ತುರ್ಕಿಯ ಸುಲ್ತಾನನ ಮಗ. ಸುಲ್ತಾನ ತೀರಿಕೊಂಡ ಮೇಲೆ ಹಿರಿಯ ಮಗ ಪಟ್ಟಕ್ಕೆ ಬಂದ. ಮುಂದೆ ಗಾದಿಗೆ ಪೈಪೋಟಿ ಬೇಡವೆಂದು ಚಿಕ್ಕ ತಮ್ಮನನ್ನು ಕೊಲ್ಲಲು ಅಪ್ಪಣೆಯಾಯಿತು. ಅದಕ್ಕಾಗಿ ಬಂದವರ ಮುಂದೆ ತಾಯಿ ಸೆರಗೊಡ್ಡಿ ಒಂದು ದಿನದ ಗಡುವು ಬೇಡಿಕೊಂಡಳು. ಆ ಒಂದು ದಿನದಲ್ಲಿ ಗುಲಾಮರನ್ನು ಮಾರುವ ವರ್ತಕನೊಬ್ಬನನ್ನು ಕರೆಸಿ, ತನ್ನ ಮಗನ ಹೋಲಿಕೆಯಿದ್ದ ಹುಡುಗನೊಬ್ಬನನ್ನು ಕೊಂಡುಕೊಂಡಳು. ಮಗನನ್ನು ಆ ವರ್ತಕನ ಕೈಗೆ ಒಪ್ಪಿಸಿ ಪಾರಸಿ ದೇಶಕ್ಕೆ ಸಾಗಿಸಿದಳು. ಮರುದಿನ ಅರಮನೆಯಿಂದ ಹೊರಬಂದ ಹೆಣವನ್ನು ರಾಜಕುಮಾರನದೆಂದು ಹೂಳಿದರು. ಬದುಕಿದ ಹುಡುಗ ಪರದೇಶದಲ್ಲಿ ಬೆಳೆದ. ಹಡಗು ಹತ್ತಿ ಕೊಂಕಣದ ದಾಭೋಳ ಬಂದರಿಗೆ ಇಳಿದ, ಬೀದರಿನ ಬಹಮನಿ ದರಬಾರಿಗೆ ಗುಲಾಮನಾಗಿ ಮಾರಾಟವಾದ. ಲಾಯದಿಂದ ಶುರುವಾಗಿ ಸರದಾರನಾಗಿ, ಕೊನೆಗೆ ಸ್ವತಂತ್ರ ಸುಲ್ತಾನನಾದ.

ರಾಜಕುಮಾರ ಪಾರಾದ ಎನ್ನುವಾಗ ಹುಡುಗರು ಬೆಂಚು ಬಡಿದರು. ಇದನ್ನು ಇತಿಹಾಸಕಾರರು ಪೂರ್ತಿ ಒಪ್ಪುವುದಿಲ್ಲ ಎಂದೂ ಹೇಳಿದೆ. ಗುಲಾಮನಾಗಿ ಬಂದು ಗಾದಿ ಏರಿದವನಿಗೆ ರಾಜರಕ್ತದ ಹುಟ್ಟೊಂದು ಬೇಕಾಗಿತ್ತು, ಅದನ್ನು ಮನೆತನದ ಅಭಿಮಾನಿಗಳು ಕಟ್ಟಿಕೊಟ್ಟಿರಬಹುದು. ಆದರೆ ಆ ಮಾತು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ.

ಆ ಸಂಜೆ ಅವ್ವ ಪಡಸಾಲೆಯ ಶಹಾಬಾದಿ ಹಾಸುಗಲ್ಲಿನ ಮೇಲೆ ಕಾಲು ಚಾಚಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕಾಲೇಜಿನ ಸುದ್ದಿ ಅವಳಿಗೆ ದಿನಾ ಬೇಕು. ಇದೇ ಕಥೆಯನ್ನು ಅವಳಿಗೂ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳ ಕೈ ನಿಂತಿತು.

“ಆ ಇನ್ನೊಂದು ಕೂಸು?” ಎಂದಳು.

“ಯಾವುದು?”

“ಬದಲಿಗಿ ಕೊಟ್ಟದ್ದು. ಅದಕ್ಕೂ ಒಬ್ಬಾಕಿ ಅವ್ವ ಇದ್ದಿರಬೇಕಲ್ಲ?”

ಚರಿತ್ರೆಕಾರ ಆ ಹುಡುಗ ಯಾವ ಸೀಮೆಯವನೆಂದು ಹೇಳುತ್ತಾನೆ, ಅಷ್ಟೇ. ಅವ್ವ ಮೊರ ಎತ್ತಿಟ್ಟು ಒಳಗೆ ಹೋದಳು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು.

ಮರುದಿನ ರವಿವಾರ. ಚಹಾ ಕೊಟ್ಟು ನನ್ನ ಎದುರಿಗೆ ಕೂತು, “ನನಗ ಗೋಗಿಗಿ ಕರಕೊಂಡು ಹೋಗು. ನಿಮ್ಮ ದೊಡ್ಡವ್ವಗೂ ಕರಿ” ಎಂದಳು. ಅವ್ವ ತಾನಾಗಿ ಅಕ್ಕನನ್ನು ಕರೆಯೆಂದದ್ದು ನಾನು ಕೇಳಿದ್ದು ಅದೇ ಮೊದಲು.

ದೊಡ್ಡವ್ವ ಇರುವುದು ಕುರಕುಂಟಾದಲ್ಲಿ. ಅವ್ವ ಹುಟ್ಟಿದ್ದೂ ಅದೇ ಊರಲ್ಲಿ, ಆದರೆ ಬೆಳೆದದ್ದು ಚಿಂಚೋಳಿ ತಾಲೂಕಿನ ಸುಲೇಪೇಟದಲ್ಲಿ. ಅಲ್ಲಿ ಅವಳ ಸೋದರತ್ತೆಗೆ ಮಕ್ಕಳಿರಲಿಲ್ಲ. ಅತ್ತೆಯ ಗಂಡನದು ಬಜಾರಿನಲ್ಲಿ ಬಟ್ಟೆ ಅಂಗಡಿ. ಅವರು ಅವ್ವನನ್ನು ಕೂಸಿರುವಾಗಲೇ ಸಾಕಲು ಒಯ್ದರು, ಸಾಲಿ ಕಲಿಸಿದರು, ಅವಳು ಶಿಕ್ಷಕಿಯಾದಳು. ನನಗೆ ತಾಯಿಯ ಕಡೆಯಿಂದ ಇಬ್ಬರು ಅಜ್ಜಿಯರಿದ್ದರು. ಒಬ್ಬಾಕೆ ಸುಲೇಪೇಟದ ಆಯಿ, ಇನ್ನೊಬ್ಬಾಕೆ ಕುರಕುಂಟಾದ ಆಯಿ. ಇಬ್ಬರೂ ಈಗಿಲ್ಲ. ಇಷ್ಟು ನನಗೆ ಮೊದಲಿಂದ ಗೊತ್ತಿತ್ತು. ಅಕ್ಕತಂಗಿಯರ ನಡುವೆ ಸಲಿಗೆ ಇರಲಿಲ್ಲ ಎಂಬುದೂ ಗೊತ್ತಿತ್ತು. ಮದುವೆ ಮುಂಜಿಗಳಲ್ಲಿ ಅವ್ವ ದೊಡ್ಡವ್ವನಿಗೆ ಎಲ್ಲಕ್ಕಿಂತ ಒಳ್ಳೆಯ ಸೀರೆ ಕೊಡುತ್ತಿದ್ದಳು. ದೊಡ್ಡವ್ವ ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದಳು. ಆದರೆ ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ಇರುತ್ತಿರಲಿಲ್ಲ, ಸಂಜೆ ಗಾಡಿಗೆ ಹೊರಟುಬಿಡುತ್ತಿದ್ದಳು. ಒಬ್ಬಾಕೆ ಓದಿದವಳು, ಒಬ್ಬಾಕೆ ಹೊಲದವಳು, ಅದಕ್ಕೇ ಹೀಗಿರಬೇಕು ಎಂದುಕೊಂಡಿದ್ದೆ.

ಆ ಬೆಳಿಗ್ಗೆ ಅವ್ವ ನನಗೆ ಗೊತ್ತಿಲ್ಲದ್ದನ್ನು ಹೇಳಿದಳು.

“ಸುಲೇಪೇಟದವರು ಕೇಳಿದ್ದು ನನಗ ಅಲ್ಲ, ನಿಮ್ಮ ದೊಡ್ಡವ್ವಗ. ಆಕಿ ಆಗ ಓಡ್ಯಾಡೋ ಪೋರಿ. ಮಾತಾಗಿತ್ತು. ಕರಕೊಂಡು ಹೋಗ್ಲಿಕ್ಕಿ ಬಂಡಿ ಕಟಗೊಂಡು ಬಂದ ದಿನಾನೇ ಆಕಿಗಿ ಜ್ವರ ಬಂದಾವಂತ. ಬಂಡಿ ಖಾಲಿ ಹೋಗಬಾರದಂತ ತೊಟ್ಟಲದಾಗ ಮಲಗಿದ್ದ ನನಗ ಎತ್ತಿ ಕೊಟ್ಟಾರ.”

“ಯಾರು ಹೇಳಿದ್ದು ನಿನಗ?”

“ಸುಲೇಪೇಟದ ಅತ್ತಿನೇ ಹೇಳ್ಯಾಳ, ನಾ ಟೀಚರ್ ಆದ ವರ್ಷ. ಖುಷಿಲೇ ಹೇಳಿದ್ಳು, ಜ್ವರದ್ದು ಪುಣ್ಯ ಅಂತ. ಅವತ್ತಿನಿಂದ ಉಣ್ಣಲಿಕ್ಕಿ ಕುಂತಾಗೊಮ್ಮೆ ಆಕಿ ನೆನಪಾಗತಾಳ. ನಾ ಉಂಡದ್ದು ಆಕಿ ಗಂಗಾಳದ್ದು. ನಾ ಕಲತದ್ದು ಆಕಿ ಸಾಲಿ. ನೀ ನಿನ್ನೆ ಆ ಪೋರನ ಕಥಿ ಹೇಳಿದಿ ನೋಡು, ಬಂಡಿ ಹತ್ತಿ ಪಾರಾಗಿ ಬಂದಾಕಿ ನಾನೇ ಅನಿಸ್ತು.”

ಮುಂದಿನ ಶನಿವಾರ ರಜೆ ಹಾಕಿದೆ. ದೊಡ್ಡವ್ವನ ಮಗ ಅವಳನ್ನು ಕುರಕುಂಟಾದಲ್ಲಿ ಗಾಡಿ ಹತ್ತಿಸಿದ. ನಾವು ಶಹಾಬಾದಿನಿಂದ ಬಂದು ವಾಡಿಯಲ್ಲಿ ಕಾದೆವು. ಗಾಡಿಯಿಂದ ಇಳಿದ ದೊಡ್ಡವ್ವನ ಬಗಲಲ್ಲಿ ರೊಟ್ಟಿಯ ಗಂಟಿತ್ತು. “ಗೋಗಿ ದರ್ಗಾಕ್ಕ ಯಾಕ ಹೊಂಟೀವಿ? ಹರಕಿ ಅದ ಏನು?” ಎಂದು ಕೇಳಿದಳು. ಅವ್ವ ಬೇರೆ ಕಡೆ ನೋಡಿದಳು. “ನಮ್ಮ ಕಾಲೇಜಿನ ಪಾಠದಾಗ ಬರೋ ಸುಲ್ತಾನನ ಗೋರಿ ಅದ, ನೋಡಿ ಬರೋಣಂತ” ಎಂದು ನಾನೇ ಹೇಳಿದೆ.

ಯಾದಗಿರಿಯವರೆಗೆ ರೈಲು, ಅಲ್ಲಿಂದ ಬಸ್ಸು. ದಾರಿ ಸವೆಯಲೆಂದು ದೊಡ್ಡವ್ವನಿಗೆ ಆ ಸುಲ್ತಾನನ ಹೆಂಡತಿಯ ಸಂಗತಿ ಹೇಳಿದೆ. ತುರ್ಕನಾದರೂ ಅವನು ಮದುವೆಯಾದದ್ದು ಈ ನೆಲದ ಮರಾಠಿ ಹೆಣ್ಣನ್ನು. ಅವನು ಸತ್ತಾಗ ಮಗ ಇನ್ನೂ ಚಿಕ್ಕವನು. ರಾಜ್ಯ ನೋಡಿಕೊಳ್ಳಬೇಕಾದ ಮಂತ್ರಿಯೇ ಹುಡುಗನನ್ನು ತೆಗೆದುಹಾಕಿ ತಾನು ಗಾದಿಗೇರಲು ಹೊಂಚಿದ. ಆಗ ಆ ವಿಧವೆ ತಾಯಿ ಕೋಟೆಯೊಳಗಿನ ಅರಮನೆಯ ಬಾಗಿಲು ಭದ್ರಮಾಡಿ, ಇದ್ದ ಕೆಲವೇ ಜನರನ್ನು ಮಾಳಿಗೆಗೆ ಹತ್ತಿಸಿ ಕಾದಾಡಿ ಮಗನನ್ನು ಉಳಿಸಿಕೊಂಡಳು. ಅವಳು ಸೋತಿದ್ದರೆ ಗೋಳಗುಮ್ಮಟವನ್ನು ಕಟ್ಟುವವರೇ ಇರುತ್ತಿರಲಿಲ್ಲ.

“ಭಾಳ ಗಟ್ಟಿ ಹೆಣ್ಮಗಳು” ಎಂದಳು ದೊಡ್ಡವ್ವ. ಅವ್ವ ಕಿಟಕಿಯ ಆಚೆ ತೊಗರಿ ಹೊಲಗಳನ್ನು ನೋಡುತ್ತಾ ಕೂತಿದ್ದಳು.

ವಿಜಯಪುರದ ಗುಮ್ಮಟಗಳನ್ನು ಕಂಡವರಿಗೆ ಗೋಗಿಯಲ್ಲಿ ನಿರಾಸೆಯಾಗುತ್ತದೆ. ಮನೆತನ ಕಟ್ಟಿದವನ ಗೋರಿಗೆ ತನ್ನದೆಂಬ ಗುಮ್ಮಟವಿಲ್ಲ. ಅವನು ನಂಬಿದ ಸಂತನ ದರ್ಗಾದ ಆಸರೆಯಲ್ಲಿ, ತನ್ನ ಮಗ ಮೊಮ್ಮಕ್ಕಳ ಜೊತೆ ಮಲಗಿದ್ದಾನೆ. ಬಿಸಿಲು ಹದವಾಗಿತ್ತು. ಪಾರಿವಾಳಗಳ ಗುಟುರು ಬಿಟ್ಟರೆ ಸದ್ದಿಲ್ಲ. ದರ್ಗಾ ನೋಡಿಕೊಳ್ಳುವ ವಯಸ್ಸಾದ ಮುಜಾವರರೊಬ್ಬರು ಬಂದು, “ಚಪ್ಪಲಿ ಅಲ್ಲಿ ಬಿಟ್ಟು ಬರ್ರಿ ಅವ್ವ” ಎಂದು ಕರೆದು ತೋರಿಸಿದರು.

“ಬಾದಶಹ ಇಲ್ಲಿ ಅದಾರ ನೋಡ್ರಿ. ಗುರುಗಳ ಪಾದದ ಕಡಿ ಮಲಗಿಸ್ರಿ ಅಂತ ಹೇಳಿದ್ರಂತ.”

“ಇವರ ಅವ್ವನ ಗೋರಿ ಯಾವುದ್ರಿ?” ಎಂದು ದೊಡ್ಡವ್ವ ಕೇಳಿದಳು.

“ಅದು ಇಲ್ಲಿಲ್ಲವ್ವ. ದೂರ ದೇಶದಾಗ ಇರಬೇಕು.”

ಗುಲಾಮನಾಗಿ ಮಾರಾಟವಾದವನು ಸುಲ್ತಾನನಾಗಿ, ಬೀದರಿನ ದರಬಾರಿನಿಂದ ಬಿಡಿಸಿಕೊಂಡು, ನಮ್ಮ ಕಲಬುರಗಿ ಸೀಮೆಗಾಗಿಯೂ ಕತ್ತಿ ಹಿಡಿದು ಕಾದಾಡಿದ. ಅವನ ವಂಶದವರ ಕಚೇರಿಗಳಿಂದ ಬಂದ ಎಷ್ಟೋ ಪಾರಸಿ ಮಾತುಗಳು ಇವತ್ತಿಗೂ ನಮ್ಮ ಬಾಯಲ್ಲಿವೆ. ಇಷ್ಟನ್ನೂ ಪಾಠ ಮಾಡಬಲ್ಲೆ. ಆದರೆ ಅಲ್ಲಿ ನಿಂತಾಗ ನನಗೆ ಕಂಡದ್ದು ತಾಯಿಯ ನೆಲಕ್ಕೆ ಮತ್ತೆ ಹೋಗದೆ ಉಳಿದ ಒಬ್ಬ ಮನುಷ್ಯ. ರಾಜನ ಮಗನಾಗಿದ್ದರೂ, ಯಾವುದೋ ಸಂತೆಯಲ್ಲಿ ಕೊಂಡ ಬಡವರ ಹುಡುಗನಾಗಿದ್ದರೂ ಅಷ್ಟಂತೂ ನಿಜ.

ಅವ್ವ ತಂದಿದ್ದ ಹೂವನ್ನು ಮುಜಾವರರ ಕೈಗೆ ಕೊಟ್ಟಳು. ಅದರಲ್ಲಿ ಒಂದು ಹಿಡಿ ಉಳಿಸಿಕೊಂಡು, ಅಂಗಳದ ಅಂಚಿನಲ್ಲಿ ಯಾರ ಗೋರಿಯೂ ಇಲ್ಲದ ಕಡೆ ಇಟ್ಟಳು.

“ಅದು ಯಾರಿಗಿ?” ದೊಡ್ಡವ್ವ ಕೇಳಿದಳು.

“ಇವನ ಬದಲಿಗಿ ಹ್ವಾದ ಕೂಸಿಗಿ.”

ಹೊರಗೆ ಬೇವಿನ ಮರದ ಕೆಳಗೆ ರೊಟ್ಟಿ ಬಿಚ್ಚಿ ಕೂತೆವು. ರೊಟ್ಟಿಗೆ ಶೇಂಗಾಹಿಂಡಿ, ಮೊಸರು. ದೊಡ್ಡವ್ವ ಬಿಡಲಿಲ್ಲ, ಯಾವ ಕೂಸು ಎಂದು ಮತ್ತೆ ಕೇಳಿದಳು. ನಾನು ಮೊದಲಿಂದ ಕಥೆ ಹೇಳಿದೆ. ಅವಳು ರೊಟ್ಟಿ ಮುರಿಯುತ್ತಾ ಕೇಳಿದಳು, ಮುರಿದದ್ದನ್ನು ಬಾಯಿಗಿಡಲಿಲ್ಲ. ನಾನು ಮುಗಿಸಿದ ಮೇಲೆ ಅವ್ವ ತಲೆ ತಗ್ಗಿಸಿಕೊಂಡೇ ಮಾತಾಡಿದಳು.

“ಅಕ್ಕ, ನಿನಗ ಜ್ವರ ಬಂದಿದ್ದಿಲ್ಲ ಅಂದ್ರ ಸುಲೇಪೇಟಕ್ಕ ನೀ ಹೋಗತಿದ್ದಿ. ನಾ ನಿನ್ನ ಜಾಗಾದಾಗ ಕುಂತೀನಿ ಅಂತ ನಿನಗ ಸಿಟ್ಟ ಇದ್ರ ಇವತ್ತ ಅಂದುಬಿಡು.”

ದೊಡ್ಡವ್ವ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. ಆಮೇಲೆ, “ತಂಗಿ, ನನಗ ಅವತ್ತ ಜ್ವರ ಬಂದಿದ್ದಿಲ್ಲ” ಎಂದಳು.

ಅವ್ವ ತಲೆ ಎತ್ತಿದಳು.

“ಅವ್ವನೇ ನನಗ ಅಡಗಿಸಿ ಇಟ್ಟಿದ್ಳು. ಹಿತ್ತಲದಾಗ ಜ್ವಾಳದ ಕಣಕಿ ಬಣವಿ ಹಿಂದ ಕುಂದ್ರಿಸಿ, ಕೈಯಾಗ ಬೆಲ್ಲ ಕೊಟ್ಟು, ದನಿ ತಗೀಬ್ಯಾಡ ಅಂದ್ಳು. ಬಂದವರ ಮುಂದ ಜ್ವರ ಅದ, ನಮ್ಮ ತವರಮನಿಗಿ ಕಳಿಸೀನಿ ಅಂದಾಳ. ಬೆಲ್ಲದ್ದು, ಬಣವೀದು ನನಗ ನೆನಪದ. ಉಳದದ್ದು ಅವ್ವ ಸಾಯೋ ಮುಂದ ನನಗ ಒಬ್ಬಾಕಿಗೇ ಹೇಳ್ಯಾಳ. ತಂಗಿಗಿ ಹೇಳಬ್ಯಾಡ ಅಂದಿದ್ಳು.”

“ಅಂದ್ರ ಆಕಿ ಆರಿಸ್ಯಾಳ” ಎಂದಳು ಅವ್ವ. “ನಿನಗ ಇಟಗೊಂಡು ನನಗ ಕೊಟ್ಟಾಳ.”

“ನೀ ಇನ್ನಾ ಅವ್ವಾ ಅಂತಿದ್ದಿಲ್ಲ. ನಾ ಅಂತಿದ್ದೆ. ಮಾತು ಕಲತ ಕೂಸಿಗಿ ಬಿಡಲಿಕ್ಕಿ ಆಗಿಲ್ಲ ಆಕಿಗಿ.”

“ಮಾತು ಬರಲಾರದ ಕೂಸಿಗಿ ಬಿಡಲಿಕ್ಕಿ ಆತೇನು?”

“ಬಂಡಿ ಹ್ವಾದಮ್ಯಾಗ ಬಂದು ನನಗ ಎತ್ತಿಗೊಂಡ್ಳು. ನಿನಗ ಕುಡಿಸೋ ಹಾಲಿನಿಂದ ಆಕಿ ಕುಬಸ ತೊಯ್ದು ತೊಪ್ಪಿ ಆಗಿತ್ತು, ನನ್ನ ಗಲ್ಲಕ್ಕ ಹತ್ತಿತ್ತು. ಅದೂ ನೆನಪದ ನನಗ. ನಿನಗೂ ಬಿಡಲಿಕ್ಕಿ ಆಗಿಲ್ಲ ಆಕಿಗಿ ಅಂತೀನಿ ನಾ.”

ಅವ್ವ ಎದ್ದು ಮರದ ಆಚೆ ಬದಿಗೆ ಹೋಗಿ ನಿಂತಳು. ನಾನು ಏಳಲು ಹೋದರೆ ದೊಡ್ಡವ್ವ ಕೈಸನ್ನೆ ಮಾಡಿ ಕೂರಿಸಿದಳು. ಅಳು ಮುಗಿಸಿಕೊಂಡು ಅವ್ವ ತಾನಾಗಿ ಬಂದು ಕೂತ ಮೇಲೆ ದೊಡ್ಡವ್ವ ನಿಧಾನವಾಗಿ ಮಾತಾಡಿದಳು.

“ಸಿಟ್ಟ ಅದ ಏನು ಅಂದಿ. ಇತ್ತು. ನಿನಗ ಪಾಟಿ ಚೀಲ ಬಂತು, ನನಗ ಕಳೆ ತಗಿಯೋ ಖುರಪಿ ಬಂತು. ನೀ ಟೀಚರ್ ಆಗಿ ಊರಿಗಿ ಬಂದಾಗ, ಆ ಚೀಲ ನಂದು ಅಂತ ಒಳಗಿಂದೊಳಗ ಅಂದೀನಿ. ನೀ ನನಗ ನೋಡಿ ಏನಂತಿದ್ದಿ, ಹೇಳು?”

“ಅವ್ವನ ಮಗ್ಗಲಿಗಿ ಮಲಗಿ ಬೆಳದಾಕಿ ಅಂತಿದ್ದೆ” ಎಂದಳು ಅವ್ವ.

ಹಿಂದಿರುಗುವ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ವಾಡಿಯಲ್ಲಿ ದೊಡ್ಡವ್ವನನ್ನು ಕುರಕುಂಟಾದ ಗಾಡಿಗೆ ಹತ್ತಿಸುವಾಗ ಅವ್ವ ಅವಳ ಗಂಟನ್ನು ಒಳಗೆ ಇಟ್ಟುಕೊಟ್ಟಳು, ಅಷ್ಟೇ. ಚರಿತ್ರೆಯ ಆ ತಾಯಿ ಪರದೇಶದಲ್ಲಿದ್ದ ಮಗನಿಗೆ ಆಗಾಗ ಜನರನ್ನು ಕಳಿಸಿ, ಬದುಕಿದ್ದಾನೆಂಬ ಸುದ್ದಿ ತರಿಸಿಕೊಳ್ಳುತ್ತಿದ್ದಳಂತೆ. ಮನೆಗೆ ಬಂದ ಮೇಲೆ ಅವ್ವನಿಗೆ ಅದನ್ನು ಹೇಳಿದೆ. ಅವಳು ಯೋಚಿಸಿ, “ಪ್ರತಿ ವರ್ಷ ಸೀತನಿ ಬರತಿತ್ತು” ಎಂದಳು. ಹಸಿ ಜೋಳದ ತೆನೆ ಸುಟ್ಟು ಬಡಿದ ಸೀತನಿಯನ್ನು ಕುರಕುಂಟಾದ ಆಯಿ ಬಟ್ಟೆಯಲ್ಲಿ ಕಟ್ಟಿ ಸುಲೇಪೇಟದ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದಳು. ತಾನು ಬರುತ್ತಿರಲಿಲ್ಲ. ತಂದವರು ವಾಪಸು ಹೋಗುವ ಮುಂಚೆ ಕೂಸನ್ನು ಒಮ್ಮೆ ತೋರಿಸಿ ಎನ್ನುತ್ತಿದ್ದರಂತೆ.

ಆದರೂ ಅವ್ವನ ಸಂಕಟ ಅಷ್ಟಕ್ಕೇ ಇಳಿಯಲಿಲ್ಲ. ಕೆಲವು ವಾರ ದೊಡ್ಡವ್ವನ ಫೋನು ಬಂದರೆ ನನ್ನ ಕೈಗೆ ಕೊಟ್ಟುಬಿಡುತ್ತಿದ್ದಳು. ಇಷ್ಟು ವರ್ಷ ಅಕ್ಕನ ಋಣ ಹೊತ್ತಿದ್ದವಳಿಗೆ ಆ ಭಾರ ಇಳಿದ ಜಾಗದಲ್ಲಿ ತಾಯಿಯ ಮೇಲಿನ ಸಿಟ್ಟು ಬಂದು ಕೂತಿತ್ತು. ಸತ್ತವಳ ಮೇಲೆ ಅದನ್ನು ತೀರಿಸಿಕೊಳ್ಳುವುದು ಹೇಗೆಂದು ತಿಳಿಯದೆ ಒದ್ದಾಡಿದಳು.

ಎಳ್ಳಮಾಸಿ ಬಂತು. ನಮ್ಮ ಕಡೆ ಅವತ್ತು ಊರಿಗೆ ಊರೇ ಹೊಲಕ್ಕೆ ಹೋಗಿ ಅಡುಗೆಯ ಎಡೆಯನ್ನು ಪೈರಿಗೆ ಚರಗವೆಂದು ಚೆಲ್ಲಿ, ಸೊಪ್ಪು ಕಾಳಿನ ಭಜ್ಜಿ ರೊಟ್ಟಿ ಉಣ್ಣುತ್ತದೆ. ದೊಡ್ಡವ್ವನ ಮಗ ಕರೆಯಲು ಬಂದಾಗ ಅವ್ವ ಬರುವುದಿಲ್ಲ ಎನ್ನುತ್ತಾಳೆಂದೇ ತಿಳಿದಿದ್ದೆ. ಅವಳು ಸೀರೆ ಉಟ್ಟು ಸಿದ್ಧಳಾದಳು.

ಹೊಲದಲ್ಲಿ ಉಂಡಾದ ಮೇಲೆ ಅವ್ವ ತಾನೇ ಬಾಯಿ ಬಿಟ್ಟಳು. “ಅವ್ವ ಹೆಂಗ ನಗತಿದ್ಳು? ನನ್ನ ಮುಂದ ಆಕಿ ಒಮ್ಮಿನೂ ನಕ್ಕಿಲ್ಲ” ಎಂದು ಕೇಳಿದಳು. ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಭುಜ ಕುಣಿಸಿ ತೋರಿಸಿದಳು. ಅದು ಅವ್ವನದೇ ನಗು. ನಾನು ಹುಟ್ಟಿದಾಗಿಂದ ನೋಡಿದ ನಗು. ಇಬ್ಬರೂ ಅಳುವುದೋ ನಗುವುದೋ ತಿಳಿಯದೆ ಜೋಳದ ಸಾಲಿನ ನಡುವೆ ಕೂತುಬಿಟ್ಟರು. ಅವತ್ತು ಸಂಜೆಯವರೆಗೂ ಅವ್ವ ಕೇಳಿದಳು, ದೊಡ್ಡವ್ವ ಹೇಳಿದಳು. ಆಯಿ ಹಾಡುತ್ತಿದ್ದಳೇ, ಯಾವ ಪಲ್ಯ ಸೇರುತ್ತಿತ್ತು, ಯಾರಿಗೆ ಹೆದರುತ್ತಿದ್ದಳು.

ಹೊರಡುವಾಗ ದೊಡ್ಡವ್ವ, “ನನಗೂ ಒಂದು ನೋಡೋದದ. ಆ ಸುಲೇಪೇಟದ ಮನಿ ತೋರಸು” ಎಂದಳು. ಮದುವೆ ತೊಟ್ಟಿಲುಗಳಿಗೆ ಸುಲೇಪೇಟಕ್ಕೆ ಹೋದಾಗಲೂ ಅವಳು ಆ ಮನೆಯ ಹೊಸ್ತಿಲು ದಾಟಿರಲಿಲ್ಲವಂತೆ.

ಶಿವರಾತ್ರಿಗೆ ಮುಂಚೆ ಮೂವರೂ ಸೇಡಂನಿಂದ ಬಸ್ಸು ಹತ್ತಿ ಹೋದೆವು. ಬಟ್ಟೆ ಅಂಗಡಿ ಈಗ ಮೊಬೈಲ್ ರಿಪೇರಿ ಅಂಗಡಿಯಾಗಿದೆ. ಅದರ ಹಿಂದಿನ ಮನೆಯಲ್ಲಿ ಅವ್ವನ ಸಾಕುತಂದೆಯ ಅಣ್ಣನ ಮೊಮ್ಮಗ ಸಂಸಾರ ಮಾಡಿಕೊಂಡಿದ್ದಾನೆ. ಅವನ ಹೆಂಡತಿ, “ಬರ್ರಿ, ಕುಂದ್ರಿ” ಎಂದು ಚಹಾಕ್ಕೆ ಇಟ್ಟಳು. ದೊಡ್ಡವ್ವ ಕೂರಲಿಲ್ಲ. ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು ಎಲ್ಲ ನೋಡಿದಳು. ನಡುಮನೆಯಲ್ಲಿ ಒಂದೇ ಬೆಳಕಿಂಡಿ.

“ಇಷ್ಟೇ ಏನು?” ಎಂದಳು. “ನಾ ಎಷ್ಟು ದೊಡ್ಡದ್ದು ಮಾಡಿಟಗೊಂಡಿದ್ದೆ ಮನಸಿನಾಗ. ನೀ ಎಲ್ಲಿ ಮಲಗತಿದ್ದಿ?”

ಅವ್ವ ಮೂಲೆ ತೋರಿಸಿದಳು. “ಇಲ್ಲೇ. ಅಂಗಡಿ ಮುಚ್ಚಿ ಅವರು ಬರೋತನಕ ಒಬ್ಬಾಕಿನೇ ಪುಸ್ತಕ ಹಿಡಕೊಂಡು ಕುಂದರತಿದ್ದೆ. ಅಂಜಿಕಿ ಆಗತಿತ್ತು. ಅತ್ತಿ ಭಾಳ ಚಲೋ ನೋಡ್ಯಾಳ ಅಕ್ಕ, ಸುಳ್ಳಾಡಂಗಿಲ್ಲ. ಆದ್ರ ಅಂಜಿಕಿ ಆಗತಿತ್ತು.”

ದೊಡ್ಡವ್ವ ಆ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತು ಚಹಾ ಕುಡಿದಳು. ಅವ್ವ ಅವಳ ಪಕ್ಕಕ್ಕೆ ಕೂತಳು.

ಬಸ್ ನಿಲ್ದಾಣದಲ್ಲಿ ಸೇಡಂ ಬಸ್ಸು ನಿಂತಿತ್ತು, ಕಲಬುರಗಿಯದೂ ನಿಂತಿತ್ತು. ಸೇಡಂ ಬಸ್ಸಿನಲ್ಲಿ ಹೋದರೆ ದೊಡ್ಡವ್ವನ ಊರು. ಕಲಬುರಗಿಗೆ ಹೋದರೆ ಅಲ್ಲಿಂದ ಶಹಾಬಾದಿಗೆ ನಮ್ಮ ಗಾಡಿ. ದೊಡ್ಡವ್ವ ಸೇಡಂ ಬಸ್ಸಿನ ಕಡೆ ಹೋಗಲಿಲ್ಲ. ಮಗನಿಗೆ ಫೋನು ಹಚ್ಚಿಕೊಡು ಎಂದು ನನಗೆ ಹೇಳಿದಳು. “ಎರಡು ದಿನ ತಂಗಿ ಮನ್ಯಾಗ ಇದ್ದು ಬರತೀನಿ. ಎಮ್ಮಿ ನೋಡ್ಕೋರಿ” ಎಂದು ಅವನಿಗೆ ಹೇಳಿ ಕಲಬುರಗಿ ಬಸ್ಸು ಹತ್ತಿದಳು.

ಎರಡು ದಿನ ಎಂದವಳು ಯುಗಾದಿಯವರೆಗೂ ಇದ್ದಳು. ಪಲ್ಯಕ್ಕೆ ಖಾರ ಎಷ್ಟು ಹಾಕಬೇಕೆಂದು ಬೆಳಿಗ್ಗೆ ಎದ್ದೊಡನೆ ಇಬ್ಬರಿಗೂ ಜಗಳ. ನನ್ನನ್ನು ತೀರ್ಪು ಕೊಡಲು ಕರೆಯುತ್ತಿದ್ದರು. ನಾನು ಡಬ್ಬಿ ಚೀಲಕ್ಕೆ ತುರುಕಿಕೊಂಡು, ಗಾಡಿಗೆ ಹೊತ್ತಾಯಿತೆಂದು ಹೊರಬೀಳುತ್ತಿದ್ದೆ. ಓಣಿಯ ತಿರುವಿನವರೆಗೂ ಅವರ ದನಿ ಕೇಳಿಸುತ್ತಿತ್ತು.